ಹಣ್ಣಾದ ಕಾಯಿ

ಭದ್ರಾವತಿಯಿಂದ ಬೆಳಗಿನ ಪ್ಯಾಸೆಂಜರಿಗೆ ಬರುತ್ತಾನೆ ದೇವಸಹಾಯಂ,
ಶೂ ಕೈಚೀಲದಲ್ಲಿ, ಕಾಲಲ್ಲಿ ಹವಾಯಿ.
ಮೂವತ್ತೊಂಬತ್ತು ಅಂತ ಫಾರ್ಮಿನಲ್ಲಿ ಬರೆದಿದ್ದಾನೆ.
ನಾನು ಕೆದಕಲಿಲ್ಲ. ಅವನ ಎಡ ಮಂಡಿಗೆ
ಇನ್ನೊಂದು ನಾಲ್ಕು ವರ್ಷ ಜಾಸ್ತಿ.

ಕಾರ್ಖಾನೆಯ ಟೀಮಿಗೆ ಅವನು ಆಡುತ್ತಿದ್ದಾಗ
ಗೆರೆಯಾಚೆ ಕೂತು ಚೆಂಡು ಹೆಕ್ಕಿ ಕೊಡುವ ಹುಡುಗ ನಾನು.
ಒಮ್ಮೆ ನನ್ನ ಟವೆಲ್ಲನ್ನೇ ಕಿತ್ತುಕೊಂಡು ಮುಖ ಒರೆಸಿ
ಒದ್ದೆ ಮುದ್ದೆ ಮಾಡಿ ವಾಪಸು ಎಸೆದ.
ಒಂದು ವಾರ ಅದನ್ನು ಒಗೆಯಲು ಹಾಕಲಿಲ್ಲ.
ಈಗ ಅವನು ನನಗೆ ಸರ್ ಅನ್ನುತ್ತಾನೆ.
ಪ್ರತಿ ಸಲವೂ ಹಿಂದೆ ತಿರುಗಿ ನೋಡುತ್ತೇನೆ
ಯಾರನ್ನು ಕರೆದ ಅಂತ.

ನಮ್ಮ ಟೀಮು ಕೆಟ್ಟದ್ದೇನಲ್ಲ.
ಹೋದ ವರ್ಷ ಸೆಮಿಫೈನಲಿನಲ್ಲಿ ಎರಡೇ ಪಾಯಿಂಟಿಗೆ ಸೋತವರು.
ಹೊನ್ನಾಳಿಯ ಹಾಲೇಶ ಬುಟ್ಟಿಯ ಕೆಳಗೆ ಬಂದು ನಿಂತರೆ
ಲಾರಿ ರಿವರ್ಸ್ ಬಂದ ಹಾಗೆ.
ಮುಸದ್ದಿಕನಿಗೆ ಇಪ್ಪತ್ತು, ಚೆಂಡು ಅವನ ಮಾತು ಕೇಳುತ್ತದೆ.
ನಡೆಯುತ್ತಿರುವ ಮನೆಗೆ ಹಿರಿಯನೊಬ್ಬ ಬಂದರೆ
ಯಾವ ಕುರ್ಚಿ ತೋರಿಸುವುದು?

ರಾತ್ರಿ ಅಜ್ಜಿಯ ಚೌಕಾಬಾರದ ಮಣೆ ತೆಗೆದು
ಐದು ಹುಣಸೆಬೀಜ ಇಟ್ಟೆ, ಒಂದು ಬಳೆಚೂರು.
ಬಳೆಚೂರು ಅವನು.
ನಡುವೆ ಇಟ್ಟರೆ ಬೀಜಗಳೆಲ್ಲ ಅವನನ್ನೇ ನೋಡುತ್ತ ಕೂರುತ್ತವೆ.
ಅಂಚಿಗಿಟ್ಟರೆ ಮಣೆಯೇ ವಾಲಿದ ಹಾಗೆ.
ಅಜ್ಜಿ ಕನ್ನಡಕ ಏರಿಸಿ ಅಂದಳು:
"ಅದು ಹಣ್ಣಾಗಿರೋ ಕಾಯಲ್ವೇನೋ?
ಹಣ್ಣಾದ್ದನ್ನ ಮತ್ತೆ ಹೊರಗೆಳೆದು ಆಡಿಸ್ತಾರಾ ಯಾರಾದ್ರೂ?"

ಮೊದಲ ವಾರ ಹದ ಬರಲಿಲ್ಲ.
ಚೆಂಡು ತನಗೇ ಬರಬೇಕು ಅಂತ ಅವನ ಕೈ ತಾನಾಗಿ ಚಾಚುತ್ತಿತ್ತು,
ಇಪ್ಪತ್ತು ವರ್ಷದ ಚಾಳಿ.
ಮುಸದ್ದಿಕ ಕೊಟ್ಟ. ಮತ್ತೆ ಕೊಟ್ಟ. ಆಮೇಲೆ
ಕೊಡುವುದನ್ನೇ ಬಿಟ್ಟು ಹಲ್ಲುಕಚ್ಚಿ ಓಡಿದ.
ವಿಸಿಲ್ ಊದಿ ಊದಿ ನನ್ನ ಬಾಯಲ್ಲಿ ತಗಡಿನ ರುಚಿ.

ಶಿವಮೊಗ್ಗ ಸ್ಟೇಷನ್ನಿನೆದುರು ಚಹಾ ಕುಡಿಯುತ್ತ ಅವನೇ ಮಾತೆತ್ತಿದ.
"ಸರ್, ಚೆಂಡಿಲ್ಲದೆ ಎಲ್ಲಿ ನಿಲ್ಲಬೇಕು ಅಂತ
ನನಗೆ ಯಾರೂ ಹೇಳಿಕೊಟ್ಟಿಲ್ಲ."
ಲೋಟ ಕೆಳಗಿಟ್ಟು ಎರಡೂ ಅಂಗೈ ತೋರಿಸಿದ,
ಅಂಗಡಿಯವನು ಚಿಲ್ಲರೆ ಇಲ್ಲ ಅನ್ನುವಾಗ ತೋರಿಸುವ ಹಾಗೆ.
ಚಹಾದ ದುಡ್ಡು ನನ್ನನ್ನು ಕೊಡಗೊಡಲಿಲ್ಲ.

ದಾವಣಗೆರೆಯವರ ಮೇಲೆ, ಕೊನೆಗೆ ನಾಲ್ಕು ನಿಮಿಷ ಇರುವಾಗ
ಬೆಂಚಿನಿಂದ ಎಬ್ಬಿಸಿದೆ.
ಸೀದಾ ಎಡ ಮೂಲೆಗೆ ಹೋಗಿ ನಿಂತ, ಬರಿಗೈಯಲ್ಲಿ.
ಸುಮ್ಮನೆ ನಿಲ್ಲುವುದಕ್ಕೆ ಅಷ್ಟು ಉಸಿರು ಬೇಕು ಅಂತ
ನನಗೆ ಗೊತ್ತಿರಲಿಲ್ಲ.
ಅವರ ಕೋಚೂ ನನ್ನ ವಯಸ್ಸಿನವನೇ. ಮರೆತಿರಲಿಲ್ಲ.
"ಇಬ್ರು ಹೋಗ್ರೋ ಅವನ ಮೇಲೆ!"
ಇಬ್ಬರು ಹೋದರು,
ಕುಂಟುವ ಕಾಲಿನ ಕಾವಲಿಗಲ್ಲ, ಒಂದು ಹೆಸರಿನ ಕಾವಲಿಗೆ.
ನಡುವೆ ಯಾರೋ ಅಗುಳಿ ತೆಗೆದ ಹಾಗೆ ಜಾಗ.
ಮುಸದ್ದಿಕ ಹೊಕ್ಕ. ಹಾಲೇಶನಿಗೆ ಎತ್ತಿ ಕೊಟ್ಟ. ಬಲೆ ಅಲ್ಲಾಡಿತು.
ಮತ್ತೆ ಅದೇ. ಮತ್ತೆ.

ಸ್ಕೋರು ಬರೆಯುವ ಪ್ರಫುಲ್ಲಾ ಮೇಡಂ ಪೆನ್ಸಿಲ್ ಎತ್ತಿ ಕೇಳಿದರು,
"ಅಸಿಸ್ಟ್ ಯಾರ ಹೆಸರಿಗೆ?"
ಮುಸದ್ದಿಕ, ಅಂದೆ. ನಿಯಮ ಇರುವುದೇ ಹಾಗೆ.
ದೇವಸಹಾಯಂ ಎಂಬ ಹೆಸರಿನ ಮುಂದೆ
ಸಾಲಿಗೆ ಸಾಲೇ ಖಾಲಿ,
ಒಂದು ಫೌಲ್ ಬಿಟ್ಟರೆ.

ಮೂರು ಪಾಯಿಂಟಿಗೆ ಗೆದ್ದೆವು. ಫೈನಲ್ ಭಾನುವಾರ.
ಮಂಡಿಗೆ ಐಸ್ ಕಟ್ಟಿಕೊಂಡೇ ರೈಲಿಗೆ ಹೊರಟವನ ಜೊತೆ
ಮುಸದ್ದಿಕ ಚೀಲ ಹಿಡಿದು ಹೋದ.
ಹುಡುಗ ಏನೋ ಕೇಳುತ್ತಿದ್ದ, ಇವನು ದೀಪದ ಕಂಬದ ಕೆಳಗೆ ನಿಂತು
ಇಲ್ಲದ ಚೆಂಡನ್ನು ಸೊಂಟದ ಹಿಂದಿನಿಂದ ದಾಟಿಸಿ ತೋರಿಸುತ್ತಿದ್ದ.
ರೈಲು ತಪ್ಪೀತು ಅಂತ ಕೂಗಿದೆ. ಕೇಳಿಸಲಿಲ್ಲ ಇಬ್ಬರಿಗೂ.

ಮನೆಯಲ್ಲಿ ಮಣೆ ಇನ್ನೂ ನೆಲದ ಮೇಲೇ ಇತ್ತು.
ಬಳೆಚೂರನ್ನು ಜೇಬಿಗೆ ಹಾಕಿಕೊಂಡೆ.
ಭಾನುವಾರ ಅವನಿಗೆ ಎಷ್ಟು ನಿಮಿಷ,
ಇನ್ನೂ ತೀರ್ಮಾನಿಸಿಲ್ಲ.